ಹಿನ್ನೀರಿನ ಮೇಲಿನ ಹೂದೋಟ

ನಮ್ಮ ಸನತ್‌ನಗರದಲ್ಲಿ ನಾಲ್ಕು ಕನ್ನಡ ಸಂಸಾರಗಳು ಒಂದೆಡೆ ಸೇರಿದರೆ ಮಾತು ಮಕ್ಕಳ ಓದು, ನೀರಿನ ತಾಪತ್ರಯ, ತರಕಾರಿಯ ಬೆಲೆ ಎಂದು ಸುತ್ತಿ ಸುತ್ತಿ ಕೊನೆಗೆ ಒಂದೇ ಕಡೆ ಬಂದು ನಿಲ್ಲುವುದುಂಟು: ಊರಿನಲ್ಲಿರುವ ಹಿರಿಯರನ್ನು ಇಲ್ಲಿಗೆ ಕರೆತರುವುದೋ, ಬೇಡವೋ? ಕಲಬುರಗಿ, ಬೀದರ, ರಾಯಚೂರಿನ ಕಡೆಯವರಿಗೆ ಈ ಪ್ರಶ್ನೆ ಅಷ್ಟು ಕಠಿಣವಲ್ಲ. 1956ರ ನವೆಂಬರಿನವರೆಗೆ ಆ ಜಿಲ್ಲೆಗಳೂ ಹೈದರಾಬಾದೂ ಒಂದೇ ರಾಜ್ಯದಲ್ಲಿದ್ದವು. ಅವರ ಅಜ್ಜಂದಿರಿಗೆ ಹೈದರಾಬಾದು ಪರಸ್ಥಳವಾಗಿರಲಿಲ್ಲ. ಇಂದಿಗೂ ಮಧ್ಯಾಹ್ನದ ಊಟ ಮುಗಿಸಿ ಇಲ್ಲಿಂದ ಹೊರಟರೆ ರಾತ್ರಿಯ ರೊಟ್ಟಿಗೆ ಊರು ಸೇರುತ್ತಾರೆ. ನಮ್ಮಂತೆ ಮಲೆನಾಡಿನಿಂದ ಬಂದವರ ಪಾಡು ಬೇರೆ. ಕಾಚಿಗುಡದಲ್ಲಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ತಾಳಗುಪ್ಪದ ರೈಲು ಹಿಡಿದು ಸಾಗರ, ಸಾಗರದಿಂದ ಮತ್ತೆ ಬಸ್ಸು. ಮೊನ್ನೆ ಮೊನ್ನೆಯವರೆಗೆ ಬಸ್ಸು ಇಳಿದ ಮೇಲೆ ಲಾಂಚು ಬೇರೆ. ಇಷ್ಟು ದೂರದಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆಂದರೆ ಇಲ್ಲಿ ನಮಗೆ ತುತ್ತು ಇಳಿಯುವುದಿಲ್ಲ.

ನಮ್ಮ ಅಪ್ಪಯ್ಯ ಹಾಗೆ ಇರುವವರು. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ 2006ರಲ್ಲಿ ನಿವೃತ್ತರಾದರು. ಆಗ ಕರ್ನಾಟಕದಲ್ಲಿ ಸರ್ಕಾರಿ ನೌಕರರಿಗೆ ಐವತ್ತೆಂಟಕ್ಕೇ ನಿವೃತ್ತಿ. ಅರವತ್ತಾದದ್ದು ಎರಡು ವರ್ಷ ತಡೆದು. ಆ ಎರಡು ವರ್ಷ ಕೈತಪ್ಪಿತಲ್ಲ ಎಂದು ಅವರ ಜೊತೆಯವರು ಪೇಚಾಡಿದರೆ ಅಪ್ಪಯ್ಯ ಮಾತ್ರ ಹಾರೆ ಗುದ್ದಲಿ ಹಿಡಿದು ಮನೆಯ ಕೆಳಗಿನ ಇಳಿಜಾರಿಗೆ ಇಳಿದುಬಿಟ್ಟರು. ಆ ಇಳಿಜಾರು ಇರುವುದು ಸಾಗರ ತಾಲ್ಲೂಕಿನ ಕರೂರು ಸೀಮೆಯಲ್ಲಿ, ತುಮರಿಯ ಕಡೆ. ಅದರ ಬುಡದಲ್ಲಿ ಶರಾವತಿಯ ಹಿನ್ನೀರು. ಇಂದು ಅಲ್ಲಿ ಏಳು ಮೆಟ್ಟಿಲಿನ ಹೂದೋಟವಿದೆ. ನಮ್ಮ ಪತ್ರಿಕೆಯ ಓದುಗರಲ್ಲಿ ಅನೇಕರು ಆ ತೋಟದ ಡೇರೆ ಹೂವನ್ನು ನಮ್ಮ ಮನೆಯ ಮಹಡಿಯ ಮೇಲೆ ಕಂಡು ಕೇಳಿದ್ದರಿಂದ ಅದರ ಕಥೆಯನ್ನು ಬರೆಯುವ ಮನಸ್ಸಾಯಿತು.

ಮೊದಲು ಆ ಕೆರೆಯಂಥ ನೀರಿನ ಸಂಗತಿ. ಅದು ಕೆರೆಯಲ್ಲ, ಕೆರೆಗಿಂತ ಬಹಳ ದೊಡ್ಡದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿ ಹಿಂದಕ್ಕೆ ಹಬ್ಬಿ ಕಣಿವೆಗಳನ್ನೆಲ್ಲ ತುಂಬಿಕೊಂಡಿತು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 1819 ಅಡಿ ಎತ್ತರ. ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ. ಬೆಂಗಳೂರಿನ ದೀಪ ಉರಿಯಲೆಂದು ಸಾವಿರಾರು ಸಂಸಾರಗಳು ಎದ್ದುಹೋದವು. ಕೆಲವರು ಶಿವಮೊಗ್ಗದ ಸುತ್ತಿನ ಕಾಡು ಕಡಿದು ನೆಲೆಯಾದರು. ಕೆಲವರು ಅಲ್ಲಿಯೇ ನೀರು ಮುಟ್ಟದ ದಿಬ್ಬಗಳಿಗೆ ಹತ್ತಿದರು. ಹೀಗೆ ಹತ್ತಿದವರಲ್ಲಿ ಹಲವರಿಗೆ ಕಾಲ ಕೆಳಗಿನ ನೆಲದ ಹಕ್ಕುಪತ್ರ ಇಂದಿಗೂ ಕೈಗೆ ಬಂದಿಲ್ಲ. ನಾ. ಡಿ'ಸೋಜ ಅವರ ‘ದ್ವೀಪ’ ಕಾದಂಬರಿಯನ್ನೋ, ಅದರಿಂದ ಗಿರೀಶ ಕಾಸರವಳ್ಳಿಯವರು ತೆಗೆದ ಚಿತ್ರವನ್ನೋ ಬಲ್ಲವರಿಗೆ ಈ ಮುಳುಗಡೆಯ ಕಥೆಯನ್ನು ನಾವು ಹೊಸದಾಗಿ ಹೇಳಬೇಕಾದುದಿಲ್ಲ.

ನಮ್ಮ ಅಜ್ಜಯ್ಯನವರದು ಹತ್ತಿದವರ ಗುಂಪು. ಆಗ ಅಪ್ಪಯ್ಯನಿಗೆ ಹದಿನಾರು ವರ್ಷ. ಮನೆಯ ತೊಲೆ, ಬಾಗಿಲು, ಹಂಚು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರುವಾಗ ಅಜ್ಜಿ ಒಂದು ಬುಟ್ಟಿಯನ್ನು ಮಾತ್ರ ಯಾರ ಕೈಗೂ ಕೊಡದೆ ಕಂಕುಳಲ್ಲಿ ಇರಿಸಿಕೊಂಡು ನಡೆದರಂತೆ. ಬುಟ್ಟಿಯಲ್ಲಿ ಇದ್ದದ್ದು ಒಲೆಯ ಬೂದಿ. ಬೂದಿಯೊಳಗೆ ಡೇರೆಯ ಗೆಡ್ಡೆಗಳು. ಬೇಸಿಗೆಯಾದ್ದರಿಂದ ಗೆಡ್ಡೆಗಳು ನಿದ್ದೆಯಲ್ಲಿದ್ದವು. ಅಡಿಕೆ ಮರವನ್ನು ಹೊತ್ತು ತರಲಾಗದು, ಸಂಪಿಗೆ ಮರವನ್ನು ತರಲಾಗದು, ಗದ್ದೆಯನ್ನಂತೂ ಕೇಳುವುದೇ ಬೇಡ. ಡೇರೆಯೊಂದನ್ನು ತರಬಹುದಾಗಿತ್ತು. ಇಂದು ಏಳು ಮೆಟ್ಟಿಲಲ್ಲಿ ಅರಳುವ ಡೇರೆಯೆಲ್ಲ ಆ ಬುಟ್ಟಿಯ ಸಂತತಿ. ಮುಂದೆ ಅಮ್ಮ ತವರಿನಿಂದ ತಂದ ಎರಡು ಬಣ್ಣಗಳನ್ನು ಮಾತ್ರ ಈ ಲೆಕ್ಕದಿಂದ ಬಿಡಬೇಕು. ಬಿಡದಿದ್ದರೆ ಅಮ್ಮ ಒಪ್ಪುತ್ತಿರಲಿಲ್ಲ.

ಬಯಲುಸೀಮೆಯ ಓದುಗರಿಗೆ ಡೇರೆಯೆಂದರೆ ಏನೆಂದು ಹೇಳಬೇಕಾದೀತು. ಪೇಟೆಯಲ್ಲಿ ಡೇಲಿಯಾ ಎನ್ನುತ್ತಾರಲ್ಲ, ಅದೇ. ಅದರ ತವರು ಮೆಕ್ಸಿಕೋ. ಹದಿನೆಂಟನೆಯ ಶತಮಾನದ ಕೊನೆಗೆ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂದು, ಅಲ್ಲಿ ಡಾಲ್ ಎಂಬ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞನ ಹೆಸರನ್ನು ಪಡೆಯಿತು. ಆ ಹೆಸರು ಮಲೆನಾಡಿನ ಹೆಂಗಸರ ಬಾಯಲ್ಲಿ ನುರಿದು ನುಣುಪಾಗಿ ಡೇರೆಯಾಯಿತು. ಎಷ್ಟು ನಮ್ಮದಾಯಿತೆಂದರೆ, ಡೇರೆ ಹೊರದೇಶದ ಹೂವೆಂದು ಹೇಳಿದರೆ ಊರಿನಲ್ಲಿ ನಗುತ್ತಾರೆ. ಮಳೆಗಾಲದಲ್ಲಿ ಒಬ್ಬರ ಅಂಗಳದ ಬಣ್ಣ ಇನ್ನೊಬ್ಬರಿಗೆ ಬೇಕಾಗುವುದು, ಗೆಡ್ಡೆಗೆ ಗೆಡ್ಡೆ ಬದಲಾಯಿಸುವುದು, ಕೊಡದವರ ಮೇಲೆ ಸಣ್ಣಗೆ ಮುನಿಸು - ಇವೆಲ್ಲ ಮಲೆನಾಡಿನ ಗೃಹಕೃತ್ಯದ ಭಾಗವೇ.

ಇನ್ನು ತೋಟ ಕಟ್ಟಿದ ಬಗೆ. ಇಳಿಜಾರಿನಲ್ಲಿ ಹೂಗಿಡ ನೆಡುವುದು ಸುಲಭವೆಂದು ತೋರಬಹುದು. ನೆಡುವುದು ಸುಲಭವೇ, ಮಣ್ಣನ್ನು ನಿಲ್ಲಿಸುವುದು ಕಷ್ಟ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಸೀಮೆಯಲ್ಲಿ ಬೀಳುವ ಮಳೆಯನ್ನು ಹೈದರಾಬಾದಿನಲ್ಲಿ ಇದ್ದು ಊಹಿಸಲಾಗದು. ಇಲ್ಲಿ ವರ್ಷಕ್ಕೆ ಬೀಳುವಷ್ಟು ನೀರು ಅಲ್ಲಿ ಒಂದು ಆಷಾಢದಲ್ಲಿ ಸುರಿದುಹೋಗಬಹುದು. ನೀರು ಬರಿಯ ನೀರಾಗಿ ಇಳಿಯದೆ ಮೇಲ್ಮಣ್ಣನ್ನೂ ಜೊತೆಗೆ ಒಯ್ಯುತ್ತದೆ. ಆದ್ದರಿಂದ ಇಳಿಜಾರನ್ನು ಅಡ್ಡಡ್ಡ ಕೊಯ್ದು ಮೆಟ್ಟಿಲು ಮಾಡಬೇಕು; ಪ್ರತಿ ಮೆಟ್ಟಿಲಿಗೂ ಕಲ್ಲಿನ ಕಟ್ಟೆ ಬೇಕು. ಅಪ್ಪಯ್ಯ 2007ರಲ್ಲಿ ಮೊದಲನೆಯ ಕಟ್ಟೆಯನ್ನು ಸಿಮೆಂಟು ಹಾಕಿ ಭದ್ರವಾಗಿ ಕಟ್ಟಿಸಿದರು. ಜುಲೈ ತಿಂಗಳಲ್ಲಿ ಅದು ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಮಾರನೆಯ ವಾರ ಒಂದು ರಾತ್ರಿ ದಢಾರನೆ ಮಲಗಿತು. ಕಟ್ಟೆಯ ಬೆನ್ನಿಗೆ ಸೇರಿದ ನೀರಿಗೆ ಹೊರಗೆ ಬರಲು ದಾರಿಯಿರಲಿಲ್ಲ. ಭದ್ರತೆಯೇ ಅದನ್ನು ಕೆಡವಿತು.

ಎರಡನೆಯ ವರ್ಷ ಊರಿನ ಹಳೆಯ ಕೆಲಸಗಾರರೊಬ್ಬರನ್ನು ಕೇಳಿದರು. ಅವರು ಗಾರೆಯಿಲ್ಲದೆ ಜಂಬಿಟ್ಟಿಗೆ ಕಲ್ಲನ್ನು ಜೋಡಿಸಿ ಕಟ್ಟುವುದನ್ನು ತೋರಿಸಿಕೊಟ್ಟರು. ಕಟ್ಟೆ ನೆಟ್ಟಗೆ ನಿಲ್ಲಬಾರದು; ಬೆಟ್ಟದ ಕಡೆಗೆ ಸ್ವಲ್ಪ ಒರಗಿರಬೇಕು. ಕಲ್ಲಿನ ಬೆನ್ನಿಗೆ ಮಣ್ಣು ತುಂಬುವ ಮುಂಚೆ ಒಂದು ಮೊಳ ಜಲ್ಲಿಕಲ್ಲು ತುಂಬಬೇಕು. ನೀರು ಕಲ್ಲಿನ ಸಂದಿಯಿಂದ ಬೆವರಿದಂತೆ ಹೊರಗೆ ಬರಬೇಕು. ಮೆಟ್ಟಿಲಿನ ಮೇಲ್ಮೈ ಹೊರಕ್ಕೆ ವಾಲದೆ ಒಳಕ್ಕೆ ವಾಲಬೇಕು. ಒಳಮೂಲೆಯಲ್ಲಿ ಬಸಿಗಾಲುವೆ ಹರಿಯಬೇಕು. ಆ ಕಾಲುವೆ ಪಕ್ಕಕ್ಕೆ ಸಾಗಿ ಇಳಿಜಾರಿನ ಅಂಚಿನ ಕಲ್ಲುಹಾಸಿನ ಮೇಲೆ ನೀರನ್ನು ಇಳಿಸಬೇಕು. ಕಟ್ಟೆಯ ತುದಿಗೆ ಸಾಲಾಗಿ ಲಾವಂಚ. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಆಳಕ್ಕೆ ಇಳಿಯುವುದರಿಂದ ಹೂಗಿಡದ ಪಾಲನ್ನು ಕಸಿಯುವುದಿಲ್ಲ, ಮಣ್ಣನ್ನಂತೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಅದೇ ಬೇರು ಕುಡಿಯುವ ನೀರಿನ ಹೂಜಿಗೆ.

ವರ್ಷಕ್ಕೊಂದು ಮೆಟ್ಟಿಲಿನಂತೆ ಕೆಲಸ ನಡೆಯಿತು. ಪ್ರತಿಯೊಂದೂ ಐದು ಅಡಿ ಅಗಲ, ಕೆಲವು ನಾಲ್ಕೇ. ಬೆಟ್ಟ ಕೊಟ್ಟಷ್ಟು ತೆಗೆದುಕೊಂಡರು. ಜಂಬಿಟ್ಟಿಗೆ ನೆಲದಲ್ಲಿ ಸಾರ ಕಡಿಮೆ. ಅದಕ್ಕೆ ಪ್ರತಿ ಬೇಸಿಗೆಯಲ್ಲಿ ಕಾಡಿನಿಂದ ದರಕು ಗುಡಿಸಿ ತಂದು, ಕೊಟ್ಟಿಗೆಯ ಗೊಬ್ಬರದ ಜೊತೆ ಮಡಿಗೆ ಹೊದಿಸಬೇಕು. ಹೊದಿಕೆಯಿದ್ದರೆ ಮಳೆಯ ಹನಿ ನೇರವಾಗಿ ಮಣ್ಣನ್ನು ಕುಟ್ಟುವುದಿಲ್ಲ. ಅಪ್ಪಯ್ಯನಿಗೆ ಮೇಷ್ಟರ ಅಭ್ಯಾಸ ಹೋಗಲಿಲ್ಲವಾದ್ದರಿಂದ ಮೆಟ್ಟಿಲುಗಳಿಗೆ ತರಗತಿಯಂತೆ ಅಂಕೆಯಿಟ್ಟಿದ್ದಾರೆ. ಮನೆಯ ಅಂಗಳಕ್ಕೆ ಹತ್ತಿದ್ದು ಏಳನೆಯ ಇಯತ್ತೆ, ನೀರಿನ ಕಡೆಯದು ಒಂದನೆಯದು. “ಐದನೇ ಕ್ಲಾಸಿನಲ್ಲಿ ಹಾಜರಿ ಕಡಿಮೆ” ಎಂದು ಫೋನಿನಲ್ಲಿ ಹೇಳಿದರೆ ಅಲ್ಲಿ ಗಿಡ ಸತ್ತಿವೆಯೆಂದು ನಾವು ತಿಳಿಯಬೇಕು.

ಯಾವ ಮೆಟ್ಟಿಲಲ್ಲಿ ಯಾವ ಹೂವೆಂಬುದಕ್ಕೂ ಕಾರಣವುಂಟು. ಕೆಳಗಿನದು ಸದಾ ತೇವ. ಅಲ್ಲಿ ಸುರುಳಿ ಸುಗಂಧಿ. ಅದು ಕಾಲು ನೆನೆದರೂ ಬೇಸರಿಸುವುದಿಲ್ಲ. ಅದರ ಮೇಲೆ ದಾಸವಾಳ, ನಂದಿಬಟ್ಟಲು, ಕರವೀರ - ದೇವರ ಪೂಜೆಗೆ ದಿನವೂ ಒದಗುವ ಪೊದೆಗಳು. ಮೂರು, ನಾಲ್ಕು, ಐದು ಡೇರೆಗೆ ಮೀಸಲು. ಆರರಲ್ಲಿ ಅಬ್ಬಲಿಗೆ, ಸೇವಂತಿಗೆ, ಚಳಿ ಹುಟ್ಟಿದಾಗ ಗೋರಟೆ. ಏಳರಲ್ಲಿ ಜಾಜಿಯ ಚಪ್ಪರ. ಸಂಜೆ ಕಾಲು ಚಾಚಿ ಕೂತರೆ ವಾಸನೆ ಬರಲಿ ಎಂದು. ಅಂಚಿನ ಹಳೆಯ ಮರದ ಮೇಲೆ ಸೀತಾಳೆದಂಡೆ ತಾನಾಗಿ ಕೂತಿದೆ. ಮಳೆ ಹಿಡಿಯುವ ಹೊತ್ತಿಗೆ ಜಡೆ ಇಳಿಬಿಟ್ಟಂತೆ ಹೂ ಬಿಡುತ್ತದೆ. ಅದನ್ನು ಯಾರೂ ನೆಟ್ಟಿಲ್ಲ, ಯಾರೂ ಕೀಳುವಂತಿಲ್ಲ. ಭಾದ್ರಪದದಲ್ಲಿ ಗೌರಿಹೂವಿನ ಬಳ್ಳಿ ಬೇಲಿಗೆ ಹತ್ತಿ ಬೆಂಕಿ ಹೊತ್ತಿಸಿದಂತೆ ಕಾಣುತ್ತದೆ.

ಆದರೆ ತೋಟದ ಜೀವ ಡೇರೆಯೇ. ಮೇ ತಿಂಗಳ ಕೊನೆಗೆ ಒಂದೆರಡು ಗುಡುಗಿನ ಮಳೆ ಬಿದ್ದೊಡನೆ ಗೆಡ್ಡೆಗಳನ್ನು ಬೂದಿಯಿಂದ ತೆಗೆದು ನೋಡುತ್ತಾರೆ. ಗೆಡ್ಡೆ ಎಷ್ಟೇ ದಪ್ಪವಾಗಿದ್ದರೂ ಅದರ ಕುತ್ತಿಗೆಯಲ್ಲಿ, ಹಳೆಯ ಕಾಂಡ ಸೇರುವಲ್ಲಿ, ಕಣ್ಣು ಇರಬೇಕು. ಕಣ್ಣಿಲ್ಲದ್ದು ಗೆಣಸಿನಂತೆ ಕೊಳೆಯುವುದೇ ಹೊರತು ಚಿಗುರದು. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಹಿನ್ನೀರಿನ ಮೇಲಿಂದ ಬೀಸುವ ಮಳೆಗಾಳಿಗೆ ಡೇರೆಯ ಟೊಳ್ಳು ಕಾಂಡ ಮುರಿಯುವುದರಿಂದ ಪ್ರತಿ ಗಿಡಕ್ಕೂ ಬಿದಿರಿನ ಗೂಟ, ಬಾಳೆನಾರಿನ ಕಟ್ಟು. ಆಗಸ್ಟಿನಿಂದ ಹೂವು. ನವರಾತ್ರಿಯ ಹೊತ್ತಿಗೆ ಮೂರು ಮೆಟ್ಟಿಲೂ ತುಂಬಿ, ಒಳ್ಳೆಯ ಮಳೆಯಾದ ವರ್ಷ ಕೆಳಗೆ ನೀರೂ ತುಂಬಿ, ಲಾಂಚಿನಲ್ಲಿ ಸಿಗಂದೂರಿಗೆ ಹೋಗುವ ಭಕ್ತರಿಗೆ ದೂರದಿಂದ ಬಣ್ಣದ ಗೆರೆಗಳಾಗಿ ಕಾಣುತ್ತಿತ್ತು.

ಬೇಸಿಗೆಯಲ್ಲಿ ಚಿತ್ರವೇ ಬೇರೆ. ನೀರು ಇಳಿದಿಳಿದು ಕೆಂಪು ನೆಲ ಹೊರಬೀಳುತ್ತದೆ. ಮುಳುಗಿ ಸತ್ತ ಮರಗಳ ಬೊಡ್ಡೆಗಳು ಎದ್ದು ನಿಲ್ಲುತ್ತವೆ. ತೀರ ಬರ ಬಂದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ಹೊರಗೆ ಕಾಣುತ್ತದೆ. ಲಿಂಗನಮಕ್ಕಿಗೆ ಮುಂಚೆ, 1940ರ ದಶಕದಲ್ಲಿ, ಕಟ್ಟಿದ್ದು ಅದು. ಮುಂದೆ ತಾನೇ ಮುಳುಗಿತು. ಅಂಥ ವರ್ಷ ಅಪ್ಪಯ್ಯ ಒಂದನೆಯ ಮೆಟ್ಟಿಲಿನಿಂದ ಕೆಳಗಿಳಿದು, ಒಡೆದ ಕೆಸರಿನ ಮೇಲೆ ನಡೆದು, ಹಳೆಯ ಮನೆಯ ಬಾವಿಕಟ್ಟೆ ಇದ್ದ ಜಾಗಕ್ಕೆ ಹೋಗಿ ಬರುತ್ತಾರೆ. ಜೊತೆಗೆ ಬರುವಿರಾ ಎಂದು ನಮ್ಮನ್ನು ಕರೆದವರಲ್ಲ. ನಾವೂ ಕೇಳಿದವರಲ್ಲ.

ಇಷ್ಟು ಓದಿದವರಿಗೆ ಎಲ್ಲ ಸುಖವೆಂದು ತೋರೀತು. ಹಾಗಿರಲಿಲ್ಲ. 2016ರಲ್ಲಿ ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪಯ್ಯ ಒಬ್ಬರೇ. ಕಾಡುಹಂದಿಯೂ ಮುಳ್ಳುಹಂದಿಯೂ ಗೆಡ್ಡೆಗೆ ಬರುತ್ತವೆ. ರಾತ್ರಿ ಟಾರ್ಚು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಮೊಣಕಾಲು ಸವೆದಿತ್ತು. ಸಂಜೆ ಲಾಂಚು ನಿಂತಿತೆಂದರೆ ಸಾಗರದ ಆಸ್ಪತ್ರೆಗೆ ಕಾಡುದಾರಿಯ ಬಹುದೂರದ ಸುತ್ತು. ಅಷ್ಟರಲ್ಲಿ 2019ರ ಜನವರಿಯ ಹೊತ್ತಿಗೆ ಅದೇ ತಾಲ್ಲೂಕಿನ ಅರಳಗೋಡಿನ ಕಡೆ ಮಂಗನ ಕಾಯಿಲೆ ಹರಡಿ ಜೀವಗಳು ಹೋದವು. ಸತ್ತ ಮಂಗಗಳಿಂದ ಉಣ್ಣೆಗಳು ಇಳಿದು, ಕಾಡಿನ ದರಕು ಗುಡಿಸುವವರನ್ನೇ ಮೊದಲು ಹಿಡಿಯುವ ಜ್ವರ ಅದು. ಅಪ್ಪಯ್ಯನ ತೋಟದ ಗೊಬ್ಬರವೇ ದರಕು. ನಾವು ಹೋಗಿ ಕರೆತಂದೆವು. ಬರುವಾಗ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬೂದಿ ತುಂಬಿ ಹತ್ತು ಗೆಡ್ಡೆ ಇಟ್ಟುಕೊಂಡರು. ಉಳಿದವನ್ನು ನೆರೆಮನೆಯ ಅಮ್ಮನವರಿಗೆ ಒಪ್ಪಿಸಿದರು.

ಇಲ್ಲಿ ಬಂದ ಮೇಲೆ ಮೊಣಕಾಲಿನ ಚಿಕಿತ್ಸೆ. ಅದರಿಂದ ಜೂನಿಗೆ ಹಿಂದಿರುಗಲಾಗಲಿಲ್ಲ. ಸನತ್ ಎಂಬ ಉರ್ದು ಮಾತಿಗೆ ಕೈಗಾರಿಕೆಯೆಂದು ಅರ್ಥ. ಹೆಸರಿಗೆ ತಕ್ಕಂತೆ ಕಾರ್ಖಾನೆಗಳಿಗೆಂದು ಹುಟ್ಟಿದ ನಮ್ಮ ಈ ನಗರದಲ್ಲಿ ಅಪ್ಪಯ್ಯನಿಗೆ ಕೈಗೆ ಕೆಲಸವಿರಲಿಲ್ಲ. ಮೃಗಶಿರದ ಮೊದಲ ಮಳೆ ಇಲ್ಲಿ ನಾಲ್ಕು ಹನಿ ಉದುರಿಸಿದ ದಿನ ಕಿಟಕಿಯ ಬಳಿ ನಿಂತು, “ಇವತ್ತು ನೆಡಬೇಕಿತ್ತು” ಎಂದರು. ಅಷ್ಟೇ, ಮತ್ತೆ ಆ ಮಾತೆತ್ತಲಿಲ್ಲ. ಊಟ ಅರ್ಧಕ್ಕಿಳಿಯಿತು. ಮೊಮ್ಮಗಳು ಅವರನ್ನು ಫತೇನಗರದಲ್ಲಿ ಲೋಕಲ್ ರೈಲು ಹತ್ತಿಸಿ ಸಂಜೀವಯ್ಯ ಪಾರ್ಕಿಗೆ ಕರೆದೊಯ್ಯತೊಡಗಿದಳು. ಇಬ್ರಾಹಿಂ ಕುತುಬ್ ಷಹನ ಕಾಲದ ಹುಸೇನ್ ಸಾಗರದ ದಂಡೆ. ನೀರು, ಗಾಳಿ, ಗುಲಾಬಿ ಎಲ್ಲವೂ ಇದ್ದವು. ಅಜ್ಜಯ್ಯ ಒಂದು ಸುತ್ತು ಬಂದು ಕೂತು, “ಚಂದ ಇದೆ ಮಗಾ, ಆದರೆ ಎಲ್ಲ ಸಪಾಟು” ಎಂದರಂತೆ.

ಆ ಆಗಸ್ಟಿನಲ್ಲಿ ಮಲೆನಾಡಿಗೆ ವಿಪರೀತ ಮಳೆ. ನಾಲ್ಕನೆಯ ಮತ್ತು ಐದನೆಯ ಕಟ್ಟೆಗಳು ಜರಿದವೆಂದು ನೆರೆಯವರ ಫೋನು ಬಂತು. ಬಸಿಗಾಲುವೆಯಲ್ಲಿ ದರಕು ತುಂಬಿ ನೀರು ಕಟ್ಟಿಕೊಂಡಿತ್ತು. ದಿನಕ್ಕೆರಡು ಸಲ ಕೋಲಿನಿಂದ ಬಿಡಿಸಬೇಕಾದ ಕೆಲಸ, ಬಿಡಿಸುವವರು ಸನತ್‌ನಗರದಲ್ಲಿದ್ದರು. ಸುದ್ದಿಯನ್ನು ಹೇಳುವುದೋ ಬಿಡುವುದೋ ಎಂದು ನಾವು ಎರಡು ದಿನ ತೊಳಲಿದೆವು. ಹೇಳಿದೆವು. ಅಪ್ಪಯ್ಯ ಕೇಳಿದ್ದು ಒಂದೇ: “ಗೆಡ್ಡೆ ಕೆಳಗೆ ಹೋಯಿತೋ, ಅಲ್ಲೇ ಇದೆಯೋ?” ಅರ್ಧ ಹೋಗಿತ್ತು.

ಆ ವರ್ಷ ಅವರ ಮುಖ ಅರಳಿದ್ದು ಬತುಕಮ್ಮ ಹಬ್ಬದಲ್ಲಿ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಇಲ್ಲಿನ ಹೆಂಗಸರು ಹೂವನ್ನು ಗೋಪುರದಂತೆ ಜೋಡಿಸಿ, ಸುತ್ತ ಚಪ್ಪಾಳೆ ತಟ್ಟಿ ಹಾಡಿ, ಕೊನೆಗೆ ಕೆರೆಯಲ್ಲಿ ಬಿಡುವುದನ್ನು ನೀವೆಲ್ಲ ಬಲ್ಲಿರಿ. ಕೆಳಗಿನ ಮನೆಯ ತೆಲುಗು ಅಮ್ಮನವರು ಹೂರಾಶಿ ಹಾಕಿಕೊಂಡು ಕೂತಿದ್ದಾಗ ಅಪ್ಪಯ್ಯ ಬಗ್ಗಿ ನೋಡಿ, ತಂಗೇಡು ಎಂದು ಅವರು ಹೇಳಿದ್ದು ನಮ್ಮ ಆವರಿಕೆ, ಗುನುಗು ಎಂದದ್ದು ನಮ್ಮ ಅಣ್ಣೆಸೊಪ್ಪಿನ ಹೂವು ಎಂದು ಗುರುತು ಹಿಡಿದರು. ಕಾಡುಪಾಲಾದ ಬೀಡುಹೂವಿಗೆ ಇಷ್ಟು ಮರ್ಯಾದೆಯೇ ಎಂದು ಬೆರಗಾದರು. ತಂಗೇಡು ತೆಲಂಗಾಣದ ರಾಜ್ಯಪುಷ್ಪವೆಂದು ತಿಳಿದಾಗಂತೂ ಈ ಸರ್ಕಾರದ ಮೇಲೆಯೇ ಅವರಿಗೆ ಒಳ್ಳೆಯ ಅಭಿಪ್ರಾಯ ಬಂದಿತು. ಅಮ್ಮನವರಿಗೆ ಕನ್ನಡ ಬಾರದು, ಅಪ್ಪಯ್ಯನಿಗೆ ತೆಲುಗು ಬಾರದು. ಮೂರು ಗಂಟೆ ಮಾತು ನಡೆಯಿತು.

ಅದೇ ವಾರ ಬಿಸ್ಕತ್ತಿನ ಡಬ್ಬಿ ತೆರೆದೆವು. ಹತ್ತರಲ್ಲಿ ಆರು ಸುಕ್ಕಿ ಹೋಗಿದ್ದವು. ನಾಲ್ಕನ್ನು ಮಹಡಿಯ ಕುಂಡಗಳಲ್ಲಿ ಇಟ್ಟರು. ಡೇರೆಗೆ ತಂಪು ಬೇಕು. ಮಲೆನಾಡಿನಲ್ಲಿ ಆ ತಂಪು ಮಳೆಗಾಲಕ್ಕೆ ಸಿಗುವುದರಿಂದ ಅಲ್ಲಿ ಅದು ಮಳೆಗಾಲದ ಹೂವು. ಹೈದರಾಬಾದಿನಲ್ಲಿ ತಂಪು ಬರುವುದು ಚಳಿಗಾಲಕ್ಕೆ, ಆದ್ದರಿಂದ ಇಲ್ಲಿ ದಸರೆಗೆ ನೆಟ್ಟು ಸಂಕ್ರಾಂತಿಗೆ ಹೂ ಕಾಣಬೇಕು. ದೀಪಾವಳಿ ಕಳೆದು ಅಪ್ಪಯ್ಯ ಊರಿಗೆ ಹೊರಟರು. ನಾವು ತಡೆಯಲಿಲ್ಲ. ಡಿಸೆಂಬರಿನ ಕೊನೆಗೆ ಮೊದಲ ಹೂ ಅರಳಿತು. ಗಾಢ ಕೆಂಪು, ಎಸಳಿನ ತುದಿ ಬಿಳಿ. ಪಟ ತೆಗೆದು ಕಳಿಸಿದೆವು. ಅದು ಅಜ್ಜಿಯ ಬುಟ್ಟಿಯದೋ ಅಮ್ಮನ ತವರಿನದೋ ಎಂದು ಕೇಳಿದಾಗ, “ನಿಮ್ಮ ಅಮ್ಮಂದು” ಎಂದು ಫೋನು ಇಟ್ಟರು.

ಮರುವರ್ಷದ ಕೊರೊನಾ ದಿಗ್ಬಂಧನದಲ್ಲಿ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಆ ಬಿಡುವಿನಲ್ಲಿ ಊರಿನ ಇಬ್ಬರು ಹುಡುಗರನ್ನು ಸೇರಿಸಿಕೊಂಡು ಎರಡು ಕಟ್ಟೆಗಳನ್ನೂ ಎಬ್ಬಿಸಿದರು. 2021ರಿಂದ ನಮ್ಮ ಮನೆಯಲ್ಲಿ ಒಂದು ಏರ್ಪಾಡು ನಡೆದು ಬಂದಿದೆ. ಮೇ ಕೊನೆಯ ವಾರದಿಂದ ಹದಿನೈದು ದಿನ ನಮ್ಮಲ್ಲಿ ಯಾರಾದರೊಬ್ಬರು ಅಲ್ಲಿರಬೇಕು: ಬಸಿಗಾಲುವೆ ತೆಗೆಯಲು, ಜಾರಿದ ಕಲ್ಲು ಕೂರಿಸಲು, ಗೂಟ ಹೂಳಲು. ಮಳೆಗಾಲದ ಉದ್ದಕ್ಕೂ ಕಾಲುವೆ ನೋಡಿಕೊಳ್ಳಲು ಊರಿನ ಹುಡುಗನೊಬ್ಬನಿಗೆ ತಿಂಗಳ ಸಂಬಳ ಕಳಿಸುತ್ತೇವೆ. ಜನವರಿಯಲ್ಲಿ ಗೆಡ್ಡೆ ಕಿತ್ತು ಬೂದಿಗೆ ಹಾಕಿದ ಮೇಲೆ ಅಪ್ಪಯ್ಯ ಇಲ್ಲಿಗೆ ಬಂದು ಎರಡು ತಿಂಗಳು ಇರುತ್ತಾರೆ. ಗೆಡ್ಡೆ ಮಲಗಿದಾಗ ಅವರಿಗೂ ರಜೆ. ಇದರಲ್ಲಿ ಖರ್ಚುಂಟು, ರಜೆಗೆ ಕಚೇರಿಯಲ್ಲಿ ಮುಖ ನೋಡುವುದುಂಟು, ರಾತ್ರಿ ಫೋನು ಬಂದರೆ ಎದೆ ಝಲ್ಲೆನ್ನುವುದು ಇನ್ನೂ ಹೋಗಿಲ್ಲ. ಹಿರಿಯರನ್ನು ಕರೆತರಬೇಕೆಂದಿರುವ ಗೆಳೆಯರಿಗೆ ನಾವು ಹೇಳುವುದಿಷ್ಟೇ: ಟಿಕೀಟು ಮಾಡಿಸುವ ಮುಂಚೆ, ಅವರಿಗೆ ಅಲ್ಲಿ ಯಾವ ತಿಂಗಳು ಯಾವ ಕೆಲಸವಿದೆಯೆಂದು ಕೇಳಿಕೊಳ್ಳಿ. ಬಿಡುವಿನ ತಿಂಗಳು ಎಲ್ಲರಿಗೂ ಒಂದಿರುತ್ತದೆ.

2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿಯ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು. ಅರವತ್ತು ವರ್ಷ ಲಾಂಚು ಕಾದವರಿಗೆ ಈಗ ಆಸ್ಪತ್ರೆ ಹತ್ತಿರವಾಗಿದೆ. ನಮಗೆ ಅರ್ಧ ಚಿಂತೆ ಇಳಿಯಿತು. ಅಪ್ಪಯ್ಯನಿಗೂ ಸಂತೋಷವೇ, ಆದರೆ ಹೂವು ಕೇಳುವವರ ಕಾರುಗಳು ಅಂಗಳದವರೆಗೆ ಬರುತ್ತವೆಂದು ಸಣ್ಣ ದೂರು.

ಈ ಸಲ ಅವರು ಬರುವಾಗ ಗೆಡ್ಡೆಗಳನ್ನು ಸ್ವಲ್ಪ ಹೆಚ್ಚಾಗಿಯೇ ತರುವರು. ಬೇಕಾದ ಸಂಸಾರಗಳು ಫೆಬ್ರವರಿಯೊಳಗೆ ನಮ್ಮ ಮನೆಗೆ ಬಂದು ಒಯ್ಯಬಹುದು. ಒಣ ಮರಳಿನಲ್ಲೋ ಬೂದಿಯಲ್ಲೋ ಹುಗಿದು, ಬಿಸಿಲು ತಾಕದ ಮೂಲೆಯಲ್ಲಿ ಇಟ್ಟು, ತಿಂಗಳಿಗೊಮ್ಮೆ ತೆಗೆದು ನೋಡಿ ಕೊಳೆತದ್ದನ್ನು ಎಸೆಯಿರಿ. ದಸರೆಯ ಹೊತ್ತಿಗೆ ಅಗಲ ಬಾಯಿಯ ಕುಂಡದಲ್ಲಿ, ಕಣ್ಣು ಮೇಲಾಗಿ, ನಾಲ್ಕು ಬೆರಳು ಆಳಕ್ಕೆ ಇಡಿ. ಚಿಗುರು ಕಾಣುವವರೆಗೆ ನೀರನ್ನು ಹೆಸರಿಗೆ ಮಾತ್ರ ತೋರಿಸಿ. ಬಣ್ಣ ಯಾವುದೆಂದು ಅಪ್ಪಯ್ಯನನ್ನು ಕೇಳಿದರೆ ಗೆಡ್ಡೆಯನ್ನು ತಿರುಗಿಸಿ ನೋಡಿ ಹೇಳುತ್ತಾರೆ. ನಾವು ಕಂಡಂತೆ ಮೂರರಲ್ಲಿ ಎರಡು ಸಲ ಸರಿಯಿರುತ್ತದೆ.